ದೋರನಹಳ್ಳಿಯ ಸಂತ ಅಂತೋಣಿಯವರು ಮತ್ತು ನಮ್ಮ ದಿನಚರಿಯ ವಿವೇಕ

ದೇವರು ಮಾನವನಿಗೆ ದಯಪಾಲಿಸಿರುವ ವರಗಳಲ್ಲಿ ವಿವೇಕವು ಶ್ರೇಷ್ಠವಾದುದು. ವಿದ್ಯೆ ಬೇರೆ, ವಿವೇಕ ಬೇರೆ. ಬಹಳ ಓದಿದವನೂ ಅವಿವೇಕಿಯಾಗಿರಬಹುದು; ಅಕ್ಷರವರಿಯದ ಬೇಸಾಯಗಾರನೂ ವಿವೇಕಿಯಾಗಿ ಬಾಳಬಹುದು. ಇದಕ್ಕೆ ನಿದರ್ಶನವನ್ನು ನಾವು ದೂರದಲ್ಲಿ ಅರಸಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಥೋಲಿಕರು ಜೂನ್ 13ರ ಹಬ್ಬಕ್ಕೆ ಸಾಗಿಹೋಗುವ ದೋರನಹಳ್ಳಿಯ ಚರಿತ್ರೆಯೇ ಸಾಕು.

ಈ ಪುಣ್ಯಕ್ಷೇತ್ರದ ಮೂಲವನ್ನು ಕುರಿತು ಹಿರಿಯರು ಹೇಳಿಕೊಂಡು ಬಂದ ಐತಿಹ್ಯವನ್ನು ಬಲ್ಲವರು ಅನೇಕರು. ರೈತನೊಬ್ಬನು ಹೊಲ ಉಳುತ್ತಿದ್ದಾಗ ಮರದ ಪ್ರತಿಮೆಯೊಂದು ನೇಗಿಲಿಗೆ ತಗುಲಿತು. ಆತನು ಅದನ್ನು ಬೊಂಬೆಯೆಂದು ಬಗೆದು ಮಕ್ಕಳ ಆಟಕ್ಕೆ ಕೊಟ್ಟನು. ಬಳಿಕ ಸಂನ್ಯಾಸಿಯೊಬ್ಬರು ಕನಸಿನಲ್ಲಿ ಕಾಣಿಸಿಕೊಂಡು ಆತನನ್ನು ಎಚ್ಚರಿಸಿದರು. ಅದು ಸಂತ ಅಂತೋಣಿಯವರ ಪ್ರತಿಮೆಯೆಂದು ತಿಳಿದುಬಂದ ಮೇಲೆ ಅದಕ್ಕೆ ಗೌರವದ ಸ್ಥಾನ ದೊರೆಯಿತು. ಹೀಗೆ ಕಿರಿದಾಗಿ ಮೊದಲಾದ ಈ ಭಕ್ತಿಕೇಂದ್ರವು ಜಾತಿಮತಗಳ ಭೇದವಿಲ್ಲದೆ ಜನರನ್ನು ಆಕರ್ಷಿಸಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅದನ್ನು ಕಿರು ಬೆಸಿಲಿಕಾದ ಪದವಿಗೇರಿಸಿದರು.

ಆ ರೈತನ ತಪ್ಪು ಅರಿಯದೆ ಮಾಡಿದ ತಪ್ಪು. ಅರಿವಾದೊಡನೆ ತಿದ್ದಿಕೊಂಡದ್ದು ಆತನ ವಿವೇಕ. ಆದರೆ ಸಂತರು ಯಾರೆಂದು ಬಲ್ಲ ನಾವು, ಕಳೆದುಹೋದ ದನವನ್ನೋ ಒಡವೆಯನ್ನೋ ಹುಡುಕಿಕೊಡುವವರೆಂದು ಮಾತ್ರ ಅವರನ್ನು ನೆನೆದರೆ, ಅವರನ್ನು ಮತ್ತೆ ಬೊಂಬೆಯನ್ನಾಗಿ ಮಾಡಿದಂತಾಗುವುದಿಲ್ಲವೇ?

ಅಂತೋಣಿಯವರು ಸುಮಾರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಜನಿಸಿದರು. ಪವಿತ್ರ ಗ್ರಂಥವನ್ನು ಆಳವಾಗಿ ಅಭ್ಯಸಿಸಿದರು. 1220ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರ ಸಭೆಯನ್ನು ಸೇರಿ, ರಕ್ತಸಾಕ್ಷಿಯಾಗಬೇಕೆಂಬ ಹಂಬಲದಿಂದ ಮೊರೊಕ್ಕೋ ದೇಶಕ್ಕೆ ತೆರಳಿದರು. ಅಲ್ಲಿ ರೋಗಪೀಡಿತರಾಗಿ ಹಿಂದಿರುಗುವಾಗ ಬಿರುಗಾಳಿಯು ಅವರ ಹಡಗನ್ನು ಇಟಲಿಯ ಸಿಸಿಲಿ ದ್ವೀಪಕ್ಕೆ ತಂದಿತು. ಆ ಮಹಾವಿದ್ವಾಂಸರು ತಮ್ಮ ಪಾಂಡಿತ್ಯವನ್ನು ಯಾರಿಗೂ ತೋರಗೊಡದೆ ಮೊಂತೆಪಾವೊಲೊ ಎಂಬ ಆಶ್ರಮದಲ್ಲಿ ಸಾಮಾನ್ಯ ಸೇವೆಯನ್ನು ಮಾಡಿಕೊಂಡಿದ್ದರು. 1222ರಲ್ಲಿ ಫೊರ್ಲಿ ಪಟ್ಟಣದ ಗುರುದೀಕ್ಷೆಯ ಸಮಾರಂಭದಲ್ಲಿ ಪ್ರಸಂಗ ಮಾಡಲು ಬೇರಾರೂ ಸಿದ್ಧರಿಲ್ಲದಾಗ ಹಿರಿಯರ ಅಪ್ಪಣೆಗೆ ತಲೆಬಾಗಿ ಅವರು ಮಾತನಾಡಿದರು. ಅಂದು ಲೋಕಕ್ಕೆ ಅವರ ಜ್ಞಾನದ ಪರಿಚಯವಾಯಿತು. 1231ರ ಜೂನ್ 13ರಂದು ಅವರು ದೈವಾಧೀನರಾದರು. ವರ್ಷ ತುಂಬುವ ಮೊದಲೇ ಅವರಿಗೆ ಸಂತ ಪದವಿ ಲಭಿಸಿತು. 1946ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಅವರ ಕೊನೆಯ ವರ್ಷದ ಒಂದು ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕಾಲದ ಪಾದುವಾ ನಗರದಲ್ಲಿ ಸಾಲ ತೀರಿಸಲಾರದವನನ್ನು ಸೆರೆಗೆ ತಳ್ಳುತ್ತಿದ್ದರು. ದುಡಿಯುವ ಕೈಗೆ ಬೇಡಿ ಬಿದ್ದ ಮೇಲೆ ಸಾಲ ತೀರುವ ಬಗೆಯೆಂತು? ಹೆಂಡತಿ ಮಕ್ಕಳ ಗತಿಯೇನು? ಅಂತೋಣಿಯವರು ಬಡ್ಡಿಯಾಸೆಯನ್ನು ನಿಷ್ಠುರವಾಗಿ ಖಂಡಿಸಿದರು. ಅವರ ಕೋರಿಕೆಯ ಮೇರೆಗೆ 1231ರ ಮಾರ್ಚ್ ತಿಂಗಳಿನಲ್ಲಿ ನಗರಾಡಳಿತವು ಒಂದು ಶಾಸನವನ್ನು ವಿಧಿಸಿತು. ತನ್ನ ಸೊತ್ತನ್ನು ಒಪ್ಪಿಸಿದ ಸಾಲಗಾರನನ್ನು ಇನ್ನು ಮುಂದೆ ಸೆರೆಯಲ್ಲಿಡಕೂಡದೆಂಬುದೇ ಅದರ ತಿರುಳು. ಆ ಶಾಸನದಲ್ಲಿ ಅವರ ಹೆಸರೇ ಉಲ್ಲೇಖಿತವಾಗಿದೆ. ಇದರಲ್ಲಿ ಎರಡು ಸದ್ಗುಣಗಳು ಜೊತೆಗೂಡಿವೆ. ಸಾಲಗಾರನಿಗೆ ಪ್ರಾಮಾಣಿಕತೆ, ಸಾಲ ಕೊಟ್ಟವನಿಗೆ ಕರುಣೆ.

ಇದು ನಮ್ಮ ಮನೆಬಾಗಿಲಿನ ವಿಚಾರವೂ ಹೌದು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನು ಸಸಿಗೆ, ಗೊಬ್ಬರಕ್ಕೆ, ಬ್ಯಾರನ್ನಿನ ಸೌದೆಗೆ ಸಾಲ ಮಾಡಿ ಹರಾಜಿನ ಬೆಲೆಗಾಗಿ ಕಾಯುತ್ತಾನೆ. ಮಳೆಯನ್ನು ನಂಬಿ ಬಿತ್ತುವವನ ಪಾಡೂ ಇದೇ. ಬೆಳೆಗೆ ಮಾಡಿದ ಸಾಲವನ್ನು ಅವಿವೇಕವೆನ್ನಲಾಗದು. ಆದರೆ ನೆರೆಯವರ ಕಣ್ಣಿಗೆ ಸಮಾನರಾಗಿ ಕಾಣಬೇಕೆಂದು ಮದುವೆಗೂ ಹಬ್ಬದೂಟಕ್ಕೂ ಜಮೀನನ್ನು ಅಡವಿಡುವುದು ಅವಿವೇಕವೇ ಸರಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದು ಜಿಪುಣತನವನ್ನು ಕಲಿಸಲು ಅಲ್ಲ. ಹಾಗೆಯೇ ಕಷ್ಟದಲ್ಲಿರುವ ನೆರೆಯವನಿಂದ ಮಿತಿಮೀರಿದ ಬಡ್ಡಿಯನ್ನು ಸುಲಿದು, ಅದರಲ್ಲೊಂದು ಪಾಲನ್ನು ದೋರನಹಳ್ಳಿಯ ಕಾಣಿಕೆಪೆಟ್ಟಿಗೆಗೆ ಹಾಕುವುದು ಅದಕ್ಕಿಂತ ಹಿರಿದಾದ ಅವಿವೇಕ. ದೇವರೊಡನೆ ವ್ಯಾಪಾರವಿಲ್ಲ.

ಪ್ರಭು ಯೇಸುವು ಬಂಡೆಯ ಮೇಲೆ ಮನೆ ಕಟ್ಟಿದವನನ್ನೂ ಮರಳಿನ ಮೇಲೆ ಕಟ್ಟಿದವನನ್ನೂ ನಮ್ಮ ಮುಂದಿರಿಸಿದರು. ಇಬ್ಬರೂ ಕೇಳಿದ್ದು ಒಂದೇ ಉಪದೇಶವನ್ನು. ನಡೆದುಕೊಂಡದ್ದರಲ್ಲಿ ಮಾತ್ರ ವ್ಯತ್ಯಾಸ. ನೂರು ವರ್ಷಗಳಿಂದ ನಮ್ಮ ಧರ್ಮಕೇಂದ್ರದಲ್ಲಿ ಶುಭಸಂದೇಶವು ಸಾರಲ್ಪಟ್ಟಿದೆ. ಅದು ನಮ್ಮ ಅಡುಗೆಮನೆಯಲ್ಲಿ, ಕಣದಲ್ಲಿ, ಸಾಲದ ಲೆಕ್ಕದಲ್ಲಿ ಎಷ್ಟು ಇಳಿದಿದೆ ಎಂಬುದೇ ಶತಮಾನೋತ್ಸವದ ನಿಜವಾದ ಪ್ರಶ್ನೆ. ಮುಂದಿನ ಜೂನ್ 13ರಂದು ಸಂತರ ಸನ್ನಿಧಿಗೆ ಹೋಗುವ ಪ್ರತಿಯೊಂದು ಕುಟುಂಬವೂ ಹೊರಡುವ ಮುನ್ನ ಒಂದು ಬಾಕಿಯನ್ನು ತೀರಿಸಲಿ, ಇಲ್ಲವೇ ಒಂದು ಬಾಕಿಯನ್ನು ಮನ್ನಿಸಲಿ. ಅದಕ್ಕಿಂತ ಮಿಗಿಲಾದ ಹರಕೆ ಇನ್ನೊಂದಿಲ್ಲ. ಕಳೆದುಹೋದ ನಮ್ಮ ವಿವೇಕವನ್ನು ಸಂತ ಅಂತೋಣಿಯವರು ನಮಗೆ ಮರಳಿ ದೊರಕಿಸಿಕೊಡಲಿ.