ಫರಸಿಯ ಮೇಲೆ ಗೀಚಿದ ಮನೆಗಳು

ಶಹಾಬಾದಿನ ಕಲ್ಲನ್ನು ತಾವೆಲ್ಲರೂ ಬಲ್ಲಿರಿ, ಪ್ರಿಯ ಓದುಗರೇ. ಪಡಸಾಲೆಯಲ್ಲಿಯೋ ಶಾಲೆಯ ಜಗುಲಿಯಲ್ಲಿಯೋ ಅದರ ಮೇಲೆ ಒಮ್ಮೆಯಾದರೂ ಕುಳಿತಿರುತ್ತೀರಿ. ಭೀಮಾ ಸೀಮೆಯ ಈ ಸುಣ್ಣಕಲ್ಲು ಪದರಪದರವಾಗಿ ಸೀಳುತ್ತದೆ. ಆದುದರಿಂದಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತಿನ ಊರುಗಳಲ್ಲಿ ನೆಲಕ್ಕೂ ಗೋಡೆಗೂ ಮಾಳಿಗೆಗೂ ಫರಸಿಯೇ ಒದಗಿ ಬಂದಿತು. ಹೀಗೆ ನುಣುಪಾದ ಹಾಸುಗಲ್ಲು ಮನೆಬಾಗಿಲಲ್ಲಿಯೇ ಇರುವಾಗ ಒಂದು ತುಂಡು ಇದ್ದಿಲು, ನಾಲ್ಕು ಕವಡೆ ಸಿಕ್ಕರೆ ಸಾಕು, ಚೌಕಾಬಾರದ ಹಾಸು ಸಿದ್ಧವಾಯಿತು.

ಈ ಆಟದ ಕಥೆಯನ್ನು ಹೇಳಲು ಕಾರಣವಿದೆ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ಒಂದು ವೃದ್ಧಾಶ್ರಮವಾದರೂ ಇರಬೇಕೆಂಬ ಗುರಿಯನ್ನಿಟ್ಟಿತು. ಅದರ 19ನೆಯ ಪ್ರಕರಣವು ವೈದ್ಯೋಪಚಾರದ ಜೊತೆಯಲ್ಲಿಯೇ ಮನರಂಜನೆಯ ಸಾಧನಗಳನ್ನೂ ಹೆಸರಿಸಿತು. ಔಷಧದ ಪಕ್ಕದಲ್ಲಿ ಆಟಕ್ಕೂ ಸ್ಥಾನವಿತ್ತ ಕಾನೂನು ಅದು. ಆದರೆ ಆ ಮಾತಿಗೆ ನಾವು ಸಾಮಾನ್ಯವಾಗಿ ಕಂಡುಕೊಂಡ ಅರ್ಥ ಗೋಡೆಯ ಮೇಲಿನ ದೂರದರ್ಶನ ಪೆಟ್ಟಿಗೆ. ಅದರ ಮುಂದೆ ಇಪ್ಪತ್ತು ಮಂದಿ ಕುಳಿತರೂ ಒಬ್ಬೊಬ್ಬರೂ ಒಂಟಿಯೇ.

ಆಟವೆಂದರೆ ಮಕ್ಕಳಿಗೆ, ಮುದುಕರಿಗೇಕೆ ಎನ್ನುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಚಿಂಚೋಳಿಯ ನೆರೆಯಲ್ಲಿಯೇ ಇರುವ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ನೋಡಿರಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು ಅದರಲ್ಲಿವೆ. ರಾಜ್ಯವನ್ನು ಪಡೆಯುವ, ಉಳಿಸುವ ವಿಚಾರಗಳು ಮೊದಲೆರಡು ಭಾಗಗಳಲ್ಲಿ. ಕೊನೆಯ ಎರಡು ವಿನೋದಕ್ಕೂ ಕ್ರೀಡೆಗೂ ಮೀಸಲು. ಚದುರಂಗ, ಪಗಡೆ, ಕವಡೆಯಾಟಗಳನ್ನು ರಾಜನೀತಿಯಷ್ಟೇ ಗಾಂಭೀರ್ಯದಿಂದ ಆತ ವಿವರಿಸಿದನು. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಅಧಿಕಾರ ಬ್ರಿಟಿಷರ ಕೈಸೇರಿದ ಮೇಲಿನ ದೀರ್ಘ ವರ್ಷಗಳಲ್ಲಿ, ಹೊಸ ಹೊಸ ಹಾಸುಗಳನ್ನೂ ಚದುರಂಗದ ಸಮಸ್ಯೆಗಳನ್ನೂ ರೂಪಿಸುತ್ತಿದ್ದರು. ಕೆಲಸ ಕಳೆದುಕೊಂಡ ಮನಸ್ಸಿಗೆ ಆಟ ಏನನ್ನು ಕೊಡಬಲ್ಲದೆಂದು ಅವರಿಗಿಂತ ಚೆನ್ನಾಗಿ ಅರಿತವರು ಕಡಿಮೆಯೆಂದೇ ನನ್ನ ಎಣಿಕೆ.

ಅರಸರ ಮಾತು ಬಿಡಿ. ಹಂಪಿಯ ಮಂಟಪಗಳ ನೆಲದಲ್ಲಿ ಕೊರೆದ ಆಟದ ಮನೆಗಳು ಇಂದಿಗೂ ಉಳಿದಿವೆ. ಅವು ದಾರಿಹೋಕರದೋ ಕಾವಲುಗಾರರದೋ ಆಗಿರಬೇಕು. ಜೂಜಿನ ಕಳಂಕವೂ ಆಟಕ್ಕೆ ಅಂಟಿಕೊಂಡೇ ಬಂದಿದೆ. 941ರಲ್ಲಿ ಭಾರತದ ಕಥೆಯನ್ನು ಕನ್ನಡಿಸಿದ ಪಂಪನ ಒಡೆಯ ಅರಿಕೇಸರಿಯು, ಈಗಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಸಾಮಂತ. ಪಗಡೆಯಲ್ಲಿ ರಾಜ್ಯವೇ ಹೋದ ಆ ಕಥೆ ಕೇಳಿ ಬೆಳೆದ ನಮ್ಮ ಹಿರಿಯರು ಕವಡೆ ಮುಟ್ಟಲು ಹಿಂಜರಿದರೆ ತಪ್ಪೆನ್ನಲಾಗದು. ಪಣವಿಲ್ಲದ ಆಟವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿತ್ತು. ಮುಂಬಯಿಯ ದಾರಿಯೂ ಹೈದರಾಬಾದಿನ ದಾರಿಯೂ ಅಲ್ಲಿ ಕೂಡಿದವು. ಕಲ್ಲೂ ಸಿಮೆಂಟೂ ಆ ದಾರಿಯಲ್ಲಿ ಹೊರಟವು. ದುಡಿಯುವ ಮಕ್ಕಳೂ ಹೊರಟರು. ಊರಿನ ಕಟ್ಟೆಯಲ್ಲಿ ಆಟಕ್ಕೆ ನಾಲ್ಕನೆಯವರು ಸಿಗದಂತಾದುದು ಹೀಗೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಹಿರಿಯರಿಗಾಗಿ ಆಶ್ರಮಗಳು ಹುಟ್ಟಿದುದೂ ಹೊಸದಲ್ಲ. ಫ್ರಾನ್ಸಿನ ಜಾನ್ ಜುಗಾನ್ 1839ರಲ್ಲಿ ಕುರುಡಿಯಾದ ಒಬ್ಬ ಮುದುಕಿಯನ್ನು ತನ್ನ ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆ ಸ್ಥಾಪಿಸಿದ ಬಡವರ ಕಿರಿಯ ಸಹೋದರಿಯರ ಸಂಸ್ಥೆ 1882ರಲ್ಲಿ ಕೊಲ್ಕತ್ತಕ್ಕೆ ಬಂದಿತು.

ಈಗ ಆಟಕ್ಕೇ ಬರೋಣ. ಚೌಕಾಬಾರಕ್ಕೆ ಇಪ್ಪತ್ತೈದು ಮನೆ: ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ನಾಲ್ವರಿಗೂ ನಾಲ್ಕು ನಾಲ್ಕು ಕಾಯಿ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕಾ, ನಾಲ್ಕು. ಎಲ್ಲವೂ ಬೋರಲಾದರೆ ಬಾರಾ, ಎಂಟು. (ದಖನಿಯಲ್ಲಿ ಬಾರಾ ಎಂದರೆ ಹನ್ನೆರಡಲ್ಲವೇ ಎಂದು ಕೇಳಬೇಡಿರಿ, ಆಟದ ಲೆಕ್ಕ ಆಟಕ್ಕೆ.) ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಅನೇಕ ಕಡೆಯ ಕಟ್ಟಳೆ. ಹೀಗಾಗಿ ಯಾರೂ ಯಾರನ್ನೂ ಗಮನಿಸದೆ ಆಡಲಾಗದು. ದೂರದರ್ಶನಕ್ಕಿಲ್ಲದ ಗುಣ ಇದು.

ಆಶ್ರಮದಲ್ಲಿ ಆಡಿಸುವವರು ಕೆಲವನ್ನು ಗಮನಿಸಬೇಕು. ಮಂಡಿ ನೋಯುವವರನ್ನು ನೆಲದ ಮೇಲೆ ಕುಳ್ಳಿರಿಸಬಾರದು. ಮೇಜಿನ ಮೇಲೆ ಅಗಲವಾದ ಮನೆಗಳನ್ನು ದಪ್ಪ ಗೆರೆಯಲ್ಲಿ ಬರೆಯಬೇಕು. ಕಣ್ಣು ಮಂಜಾದವರಿಗೂ ಕೈ ನಡುಗುವವರಿಗೂ ಜೋಡಿ ಮಾಡಿದರೆ ಒಬ್ಬರು ಕವಡೆ ಚೆಲ್ಲುತ್ತಾರೆ, ಇನ್ನೊಬ್ಬರು ಕಾಯಿ ನಡೆಸುತ್ತಾರೆ; ಹಾಸೊಂದಕ್ಕೆ ಎಂಟು ಮಂದಿಯಾದರು. ಕವಡೆ ಸಿಗದಿದ್ದರೆ ಒಂದು ಬದಿ ತೇಯ್ದ ಹುಣಸೆ ಬೀಜ ಆದೀತು. ಚಿಂಚೋಳಿಯವರ ಕಟ್ಟಳೆಗೂ ಚಿತ್ತಾಪುರದವರ ಕಟ್ಟಳೆಗೂ ತಾಳೆಯಾಗದೆ ವಾದ ಎದ್ದರೆ ಮೇಲ್ವಿಚಾರಕರು ನಡುವೆ ಬಾಯಿ ಹಾಕದಿರುವುದು ಲೇಸು. ತಮ್ಮೂರಿನಲ್ಲಿ ಹೇಗೆ ಆಡುತ್ತಿದ್ದೆವು, ಯಾರೊಡನೆ ಆಡುತ್ತಿದ್ದೆವು ಎಂಬ ಮಾತು ಅಲ್ಲಿಂದಲೇ ಹೊರಡುತ್ತದೆ. ಆಟ ಮುಗಿಯುವ ಮುನ್ನ ಊಟದ ಗಂಟೆಯಾದರೆ ಕಾಯಿಗಳನ್ನು ಕದಲಿಸದೆ ಒಂದು ಬಟ್ಟೆ ಮುಚ್ಚಿ ಇಡಿರಿ. ಮರುದಿನ ಸರದಿ ಯಾರದೆಂದು ಅವರೇ ಹೇಳುತ್ತಾರೆ.