ಪುಸ್ತಕದ ಹೊರೆ ಹೊತ್ತ ಗಳಗನಾಥರು

ಈಗಿನ ಗ್ರಂಥಕರ್ತರು ತಮ್ಮ ಪುಸ್ತಕದ ವಾರ್ತೆಯನ್ನು ಜಾಲತಾಣಗಳಲ್ಲಿ ತಾವೇ ಸಾರಿಕೊಳ್ಳುವುದನ್ನು ಕಂಡು ನಮ್ಮ ಹಿರಿಯರನೇಕರು ಮೂಗು ಮುರಿಯುವರು. ಆತ್ಮಶ್ಲಾಘೆಯು ಪಂಡಿತನಿಗೆ ಸಲ್ಲದೆಂದು ಪಾಠಶಾಲೆಯಲ್ಲಿ ನಾನೂ ಕಲಿತವನೇ. ಆದರೆ ಗಳಗನಾಥರ ಚರಿತ್ರೆಯನ್ನು ನೆನೆದಾಗ ಆ ವಿಧಿಯನ್ನು ಇಲ್ಲಿಗೆ ಹಚ್ಚಲು ಮನಸ್ಸು ಬಾರದು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮಧೇಯವು. 1869ರಲ್ಲಿ ಹಾವನೂರಿನಲ್ಲಿ ಜನಿಸಿದರು, ವೃತ್ತಿಯಿಂದ ಉಪಾಧ್ಯಾಯರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ತಮ್ಮ ಕಾದಂಬರಿಗಳನ್ನು ಅದರಲ್ಲಿಯೇ ಕಂತುಕಂತಾಗಿ ಪ್ರಕಟಿಸಿದರು. ಮುಂದಿನ ಕಂತಿಗೆ ಕಾದು ಕುಳಿತ ವಾಚಕನಿಗಿಂತ ಮಿಗಿಲಾದ ಪ್ರಚಾರಕನುಂಟೆ? ಆದರೂ ಪುಸ್ತಕದಂಗಡಿಗಳು ವಿರಳವಾಗಿದ್ದ ಆ ಕಾಲದಲ್ಲಿ ಪತ್ರಿಕೆಯೊಂದೇ ಸಾಲದು. ಆದಕಾರಣ ಅವರು ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು, ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು.

ಇದನ್ನು ತ್ಯಾಗವೆಂದು ಕೊಂಡಾಡುವವರೇ ಬಹಳ. ನನಗಾದರೋ ಇದು ಅವರಿಗೊಂದು ವಿದ್ಯಾಭ್ಯಾಸವೂ ಆಗಿದ್ದಿತೆಂದು ತೋರುತ್ತದೆ. ಓದುಗನ ಮುಖವನ್ನು ಎದುರಿಗೇ ಕಂಡವನು, ಅವನಿಗೆ ತಿಳಿಯದ ಭಾಷೆಯಲ್ಲಿ ಬರೆಯಲಾರನು. ವಿಜಯನಗರದ ಸ್ಥಾಪನೆಯನ್ನು ಕುರಿತ, 1923ರ ‘ಮಾಧವ ಕರುಣಾ ವಿಲಾಸ’ವು ಸಾಮಾನ್ಯ ಗೃಹಸ್ಥರ ಮನೆಗಳನ್ನು ಹೊಕ್ಕುದಕ್ಕೆ ಆ ಅಲೆದಾಟವೂ ಕಾರಣವಾಗಿದ್ದೀತು. 1942ರಲ್ಲಿ ಅವರು ತೀರಿಕೊಂಡಾಗ ಕನ್ನಡಿಗರು ಅವರನ್ನು ಕಾದಂಬರಿ ಪಿತಾಮಹರೆಂದರು; ಬಾಗಿಲಿಗೆ ಬಂದಾಗ ಕೊಂಡವರೆಷ್ಟು ಜನರೋ!