ನೊಂದ ಮಗು ತಾಯಿಯಾದಾಗ: ಒಂದು ಲೆಕ್ಕದ ಇತಿಹಾಸ

1946ರಲ್ಲಿ ನ್ಯೂಯಾರ್ಕಿನ ಎಕ್ಸ್-ಕಿರಣ ತಜ್ಞ ಜಾನ್ ಕ್ಯಾಫಿ ಆರು ಶಿಶುಗಳ ಬಗೆಗೆ ಒಂದು ಲೇಖನ ಪ್ರಕಟಿಸಿದರು. ಆ ಶಿಶುಗಳೆಲ್ಲಕ್ಕೂ ತಲೆಬುರುಡೆಯೊಳಗೆ, ಮೆದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವಾಗಿತ್ತು. ಅದೇನೂ ವೈದ್ಯರಿಗೆ ಹೊಸದಲ್ಲ. ಆದರೆ ಕೈಕಾಲುಗಳ ಎಕ್ಸ್-ಕಿರಣ ಚಿತ್ರ ತೆಗೆದಾಗ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳು ಕಂಡವು. ಕೆಲವು ಹೊಸವು, ಕೆಲವು ಹಳೆಯವು, ಆಗಲೇ ಕೂಡಿಕೊಳ್ಳತೊಡಗಿದ್ದವು. ಮಗು ಬಿದ್ದದ್ದನ್ನಾಗಲಿ, ಪೆಟ್ಟು ತಿಂದದ್ದನ್ನಾಗಲಿ ಮನೆಯವರು ಹೇಳಲಿಲ್ಲ. ಮೂಳೆ ಮೆದುವಾಗುವ ರೋಗದ ಲಕ್ಷಣವೂ ಇರಲಿಲ್ಲ. ಹಾಗಾದರೆ ಮುರಿದದ್ದು ಹೇಗೆ? ಕ್ಯಾಫಿ ಪ್ರಶ್ನೆಯನ್ನು ಮುಂದಿಟ್ಟರು. ಉತ್ತರವನ್ನು ಬಾಯಿಬಿಟ್ಟು ಹೇಳಲಿಲ್ಲ. ಹೆತ್ತವರೇ ಹಸುಗೂಸಿನ ಮೂಳೆ ಮುರಿದಿರಬಹುದೆಂದು ಬರೆಯಲು ಆ ಕಾಲದ ವೈದ್ಯರ ಲೇಖನಿ ಹಿಂಜರಿಯುತ್ತಿತ್ತು.

ಆ ಮಾತನ್ನು ನೇರವಾಗಿ ಹೇಳಲು ಇನ್ನೂ 16 ವರ್ಷ ಬೇಕಾಯಿತು. 1962ರಲ್ಲಿ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅಮೆರಿಕದ 71 ಆಸ್ಪತ್ರೆಗಳನ್ನು ವಿಚಾರಿಸಿ, ಒಂದೇ ವರ್ಷದಲ್ಲಿ ಹೊಡೆತ ತಿಂದು ಬಂದ 302 ಮಕ್ಕಳ ಲೆಕ್ಕ ಕೊಟ್ಟರು. ಅವರಲ್ಲಿ 33 ಮಂದಿ ಸತ್ತಿದ್ದರು, 85 ಮಂದಿಯ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಲೇಖನ ದೊಡ್ಡ ಸುದ್ದಿಯಾಯಿತು. ಐದಾರು ವರ್ಷಗಳೊಳಗೆ ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಪ್ರಕರಣಗಳನ್ನು ವೈದ್ಯರು ವರದಿ ಮಾಡಲೇಬೇಕೆಂಬ ಕಾನೂನು ತಂದವು.

ನಮ್ಮ ಕಥೆಗೆ ಬೇಕಾದದ್ದು ಅದೇ ಲೇಖನದ ಇನ್ನೊಂದು ಚಿಕ್ಕ ಮಾತು. ಹೀಗೆ ಹೊಡೆಯುವ ತಂದೆ ತಾಯಿಯರೂ ಬಾಲ್ಯದಲ್ಲಿ ಇಂಥದೇ ಹಿಂಸೆ ಅನುಭವಿಸಿರಬಹುದೆಂಬ ಸೂಚನೆಗಳಿವೆ ಎಂದು ಅದರಲ್ಲಿ ಹೇಳಿತ್ತು. ಅದು ಬರೀ ಊಹೆಯಾಗಿತ್ತು. 1968ರಲ್ಲಿ ಅದೇ ತಂಡದ ಮನೋವೈದ್ಯ ಬ್ರಾಂಟ್ ಸ್ಟೀಲ್, ಕಾರ್ಲ್ ಪೊಲಾಕ್ ಅವರೊಡನೆ ಸೇರಿ 60 ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ಮಕ್ಕಳನ್ನು ಹಿಂಸಿಸಿದ ಈ ಪಾಲಕರೆಲ್ಲ ತಾವೂ ಹಾಗೆಯೇ ಬೆಳೆದವರು ಎಂಬುದು ಅವರಿಗೆ ಕಂಡುಬಂದಿತು. ತಮ್ಮ ಸಂಗ್ರಹವನ್ನು ಸಂಖ್ಯಾಶಾಸ್ತ್ರದ ಪುರಾವೆಯಾಗಿ ಬಳಸಬಾರದೆಂದು ಅವರೇ ಎಚ್ಚರಿಸಿದ್ದರು. ಎಚ್ಚರಿಕೆಯ ಮಾತು ಗ್ರಂಥಾಲಯದಲ್ಲಿ ಉಳಿಯಿತು. ತೀರ್ಮಾನ ಮಾತ್ರ ಪಠ್ಯಪುಸ್ತಕಗಳಿಗೆ, ನ್ಯಾಯಾಲಯಗಳಿಗೆ, ಪತ್ರಿಕೆಗಳಿಗೆ ಹೋಯಿತು. 'ಹೊಡೆತ ತಿಂದು ಬೆಳೆದವರು ಹೊಡೆಯುವ ಪಾಲಕರಾಗುತ್ತಾರೆ' ಎಂಬುದು ಒಂದು ನಿಯಮವೇ ಆಗಿಬಿಟ್ಟಿತು.

ಈ ನಂಬಿಕೆಗೆ ಬಲ ಕೊಟ್ಟದ್ದು ಕೋತಿಗಳು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ ರೀಸಸ್ ಕೋತಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. (ನಮ್ಮ ದೇವಸ್ಥಾನಗಳ ಬಳಿ ಕೈಯಲ್ಲಿದ್ದ ಬಾಳೆಹಣ್ಣು ಕಸಿಯುವ ಮಂಗ ಇದಲ್ಲ, ಅದು ಬಾನೆಟ್ ಮಕಾಕ್. ರೀಸಸ್ ಉತ್ತರ ಭಾರತದ್ದು. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ಭಾರತದಿಂದ ಇವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ರಫ್ತಾದವು. 1978ರಲ್ಲಿ ಭಾರತ ಈ ರಫ್ತನ್ನು ನಿಲ್ಲಿಸಿತು.) ಹೊರಗಿನಿಂದ ಬಂದ ಕೋತಿಗಳು ರೋಗ ತರುತ್ತಿದ್ದುದರಿಂದ ಹಾರ್ಲೋ ತಾವೇ ಸಾಕಣೆ ಆರಂಭಿಸಿದರು. ಸೋಂಕು ತಗಲದಿರಲೆಂದು ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಒಂಟಿಯಾಗಿ ಬೆಳೆಸಿದರು. ಮರಿಗಳ ದೇಹ ಚೆನ್ನಾಗಿ ಬೆಳೆಯಿತು. ನಡತೆ ಮಾತ್ರ ಕೆಟ್ಟಿತು. ಬಟ್ಟೆ ಸುತ್ತಿದ ಗೊಂಬೆತಾಯಿಯನ್ನು ಅಪ್ಪಿಕೊಂಡ ಮರಿಯ ಚಿತ್ರವನ್ನು ಮನೋವಿಜ್ಞಾನದ ವಿದ್ಯಾರ್ಥಿಗಳೆಲ್ಲ ನೋಡಿರುತ್ತಾರೆ.

ಆ ಹೆಣ್ಣುಮರಿಗಳು ಬೆಳೆದು ತಾವೇ ತಾಯಂದಿರಾದಾಗ ಏನಾಯಿತೆಂಬುದು ಅಷ್ಟು ಪರಿಚಿತವಲ್ಲ. 1960ರ ದಶಕದಲ್ಲಿ ಪ್ರಕಟವಾದ ವರದಿಗಳು ಓದಲು ಕಷ್ಟವಾಗುವಂಥವು. ತಾಯಿಯ ಮುಖವನ್ನೇ ಕಾಣದೆ ಬೆಳೆದ ಈ ಕೋತಿಗಳಲ್ಲಿ ಕೆಲವು ತಮ್ಮ ಮರಿಯನ್ನು ತಿರುಗಿಯೂ ನೋಡಲಿಲ್ಲ. ಕೆಲವು ಮರಿಯನ್ನು ಕಚ್ಚಿದವು, ನೆಲಕ್ಕೆ ಒತ್ತಿದವು, ಕೊಂದದ್ದೂ ಉಂಟು. ಹಾಗಿದ್ದೂ ಮರಿಗಳು ಮತ್ತೆ ಮತ್ತೆ ಬಂದು ತಾಯಿಯನ್ನು ಅಪ್ಪಲು ಹವಣಿಸಿದವು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದಂಥ ಪ್ರಯೋಗಗಳಿವು. ಆದರೆ ಅದೇ ವರದಿಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು. ಕೆಲವು ತಾಯಂದಿರು ಹೇಗೋ ಮರಿಯನ್ನು ಸಾಕಿದವು. ಮೊದಲ ಮರಿಗೆ ಕ್ರೂರವಾಗಿದ್ದ ಅನೇಕ ತಾಯಂದಿರು ಮುಂದಿನ ಮರಿಯ ಹೊತ್ತಿಗೆ ಸುಧಾರಿಸಿದವು. ಇದಕ್ಕೆ ಆಗ ಸಿಕ್ಕ ಪ್ರಚಾರ ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದೇ ತೋರಿಸಬಹುದು.

1979ರಲ್ಲಿ ಹಂಟರ್ ಮತ್ತು ಕಿಲ್‌ಸ್ಟ್ರಾಮ್ ಎಂಬ ಸಂಶೋಧಕರು ಹಿಂದಿನವರಂತೆ ಹಿಂಸೆ ನಡೆದ ಮೇಲೆ ಪಾಲಕರನ್ನು ಹುಡುಕಿ ಹೋಗಲಿಲ್ಲ. ಅವಧಿಗೆ ಮುನ್ನ ಹುಟ್ಟಿದ, ಕಾಯಿಲೆಯ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಬಂದ 282 ಪಾಲಕರನ್ನು ಮೊದಲೇ ಮಾತನಾಡಿಸಿದರು. ಅವರಲ್ಲಿ 49 ಮಂದಿ ತಾವು ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯ ಅನುಭವಿಸಿದ್ದಾಗಿ ಹೇಳಿದರು. ಉಳಿದವರು 233. ಆಮೇಲೆ ಒಂದು ವರ್ಷ ಕಾದು, ಯಾವ ಶಿಶುಗಳ ಮೇಲೆ ಹಿಂಸೆ ಅಥವಾ ನಿರ್ಲಕ್ಷ್ಯದ ವರದಿ ದಾಖಲಾಯಿತೆಂದು ನೋಡಿದರು. ಒಟ್ಟು 10 ಶಿಶುಗಳು. ಅವುಗಳಲ್ಲಿ 9 ಶಿಶುಗಳು ಆ 49 ಪಾಲಕರ ಮಕ್ಕಳು. ಒಂದು ಮಾತ್ರ ಉಳಿದ 233 ಮಂದಿಯಲ್ಲಿ ಒಬ್ಬರದು.

ಈ ಅಂಕಿಗಳನ್ನು ಎರಡು ದಿಕ್ಕಿನಿಂದ ಓದಬಹುದು. ಹಿಂಸೆ ನಡೆದ ಮನೆಗಳಿಂದ ಹಿಂದಕ್ಕೆ ನೋಡಿದರೆ 10ರಲ್ಲಿ 9, ಅಂದರೆ ಶೇಕಡ 90 ಮಂದಿಗೆ ನೋವಿನ ಬಾಲ್ಯ. ಸ್ಟೀಲ್ ಮತ್ತು ಪೊಲಾಕ್ ಕಂಡದ್ದು ಇದನ್ನೇ. ನೋವಿನ ಬಾಲ್ಯದಿಂದ ಮುಂದಕ್ಕೆ ನೋಡಿದರೆ 49ರಲ್ಲಿ 9, ಶೇಕಡ 18 ಮಾತ್ರ. 40 ಮಂದಿ ಆ ವರ್ಷ ತಮ್ಮ ಮಗುವಿಗೆ ಅಂಥದ್ದನ್ನು ಮಾಡಿದ ದಾಖಲೆ ಇಲ್ಲ. ಎರಡೂ ಸಂಖ್ಯೆಗಳು ಸರಿಯೇ, ಎರಡೂ ಒಂದೇ ಕೋಷ್ಟಕದಿಂದ ಬಂದವು. ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಅಪಾಯ ಇಲ್ಲವೆಂದೂ ಇದರಿಂದ ಹೇಳುವಂತಿಲ್ಲ: 233ರಲ್ಲಿ 1 ಎಂದರೆ ಶೇಕಡ ಅರ್ಧಕ್ಕೂ ಕಡಿಮೆ, ಅದರೆದುರು 18 ದೊಡ್ಡ ಸಂಖ್ಯೆಯೇ. ಒಂದೇ ವರ್ಷದ ಅವಧಿ, ದಾಖಲಾದ ಪ್ರಕರಣ ಮಾತ್ರ ಎಂಬ ಮಿತಿಗಳೂ ಇವೆ.

1987ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ ಇಂಥ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಹಿಂಸೆ ಮುಂದಿನ ಪೀಳಿಗೆಗೆ ಸಾಗುವ ಪ್ರಮಾಣ ಸುಮಾರು ಶೇಕಡ 30 ಎಂದು ಅಂದಾಜು ಮಾಡಿದರು. ಇದು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೂ ಮೂವರಲ್ಲಿ ಇಬ್ಬರು ಈ ಸರಪಳಿಯ ಹೊರಗೇ ಉಳಿದರು. 'ನಿಯಮ'ವನ್ನು ಪ್ರಶ್ನಾತೀತವಾಗಿ ಒಪ್ಪುವುದನ್ನು ಬಿಡಬೇಕೆಂದು ಅವರು ವಾದಿಸಿದರು. ಅವರ ಕಾಳಜಿಗೆ ಕಾರಣವಿತ್ತು. ಪೆಟ್ಟು ತಿಂದು ಬೆಳೆದ ಹೆಣ್ಣುಮಗಳೊಬ್ಬಳು ಬಸುರಿಯಾದಾಗ 'ನೀನೂ ಹಾಗೇ ಆಗುತ್ತೀಯೆ' ಎಂದು ವಿಜ್ಞಾನವೇ ಹೇಳುತ್ತಿದೆಯೆಂದು ಆಕೆ ನಂಬಿದರೆ, ಆ ಭಯವೇ ಒಂದು ಹೊರೆ.

ಹಾಗಾದರೆ ಆ 40 ಮಂದಿ ಯಾರು? ಹಂಟರ್ ಮತ್ತು ಕಿಲ್‌ಸ್ಟ್ರಾಮ್ ಅವರನ್ನೂ ಗಮನಿಸಿದ್ದರು. ಅವರಿಗೆ ಬಂಧುಮಿತ್ರರ ಆಸರೆ ಹೆಚ್ಚಿತ್ತು. ಬಾಲ್ಯದಲ್ಲಿ ಒಬ್ಬರು ಹಿಂಸಿಸಿದ್ದರೂ ಇನ್ನೊಬ್ಬರ ಮಡಿಲು ಸಿಕ್ಕಿತ್ತು. ತಮಗಾದ ಅನ್ಯಾಯದ ಬಗೆಗೆ ಅವರು ಬಹಿರಂಗವಾಗಿ ಸಿಟ್ಟುಗೊಳ್ಳಬಲ್ಲವರಾಗಿದ್ದರು. ನಡೆದದ್ದನ್ನು ವಿವರವಾಗಿ, ಹೊಂದಿಸಿ ಹೇಳಬಲ್ಲವರಾಗಿದ್ದರು. ಈ ಕೊನೆಯ ಅಂಶ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. 'ಹಳೆಯದನ್ನು ಕೆದಕಬೇಡ, ಮರೆತುಬಿಡು' ಎಂಬುದಲ್ಲವೇ ನಾವೆಲ್ಲ ಕೊಡುವ ಬುದ್ಧಿಮಾತು?

ಆದರೆ ಇದೇ ಸುಳಿವು ಅದಕ್ಕೂ ಮೊದಲೇ ಇನ್ನೊಂದು ಕಡೆ ಸಿಕ್ಕಿತ್ತು. ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಸೆಲ್ಮಾ ಫ್ರೈಬರ್ಗ್ ಮತ್ತು ಸಹೋದ್ಯೋಗಿಗಳು ಮನೆಮನೆಗೆ ಹೋಗಿ ತಾಯಿ-ಶಿಶುಗಳಿಗೆ ನೆರವಾಗುತ್ತಿದ್ದರು. 1975ರ ಅವರ ಲೇಖನದಲ್ಲಿ ಐದೂವರೆ ತಿಂಗಳ ಮಗುವಿನ ಒಬ್ಬ ತಾಯಿ ಬರುತ್ತಾಳೆ. ಮಗು ಎಷ್ಟು ಅತ್ತರೂ ಆಕೆಗೆ ಕೇಳಿಸಿದಂತೆಯೇ ಕಾಣುವುದಿಲ್ಲ. ಕಿವಿ ಸರಿಯಾಗಿಯೇ ಇದೆ. ಆಕೆ ತನ್ನ ಬಾಲ್ಯದ ಪರಿತ್ಯಾಗದ ಕಥೆಯನ್ನು ಯಾರದೋ ಕಥೆಯೆಂಬಂತೆ, ಒಣ ದನಿಯಲ್ಲಿ ಹೇಳುತ್ತಾಳೆ. ತಂಡ ಆಕೆಗೆ ಮಗು ಸಾಕುವ ಪಾಠ ಹೇಳಲಿಲ್ಲ, ಕೇಳುತ್ತ ಕುಳಿತಿತು. ತನ್ನ ಪಾಲಿನ ಅಳುವನ್ನು ಆಕೆ ಅತ್ತ ಮೇಲೆ, ಯಾರೂ ಹೇಳಿಕೊಡದೆಯೇ ಮಗುವನ್ನು ಎತ್ತಿ ಅಪ್ಪಿಕೊಳ್ಳತೊಡಗಿದಳು. ಫ್ರೈಬರ್ಗ್ ಇದರಿಂದ ತೆಗೆದ ತೀರ್ಮಾನ ಹೀಗಿತ್ತು: ನೋವನ್ನು ಮರುಕಳಿಸುವವರು ಸಾಮಾನ್ಯವಾಗಿ ಘಟನೆಗಳನ್ನು ಮರೆತಿರುವುದಿಲ್ಲ. ಆಗ ತಮಗಾದ ಭಯ, ದುಃಖಗಳನ್ನು ಮಾತ್ರ ಕಳೆದುಕೊಂಡಿರುತ್ತಾರೆ.

ಒಬ್ಬ ತಾಯಿಯ ಕಥೆ ಪುರಾವೆಯಾಗುವುದಿಲ್ಲ. ಅಳತೆಗೆ ಸಿಗುವಂತೆ ಮಾಡಿದವರು ಬರ್ಕ್ಲಿಯ ಮೇರಿ ಮೇನ್ ಮತ್ತು ಸಂಗಡಿಗರು. 1980ರ ದಶಕದಲ್ಲಿ ಅವರು ಒಂದು ಸಂದರ್ಶನ ವಿಧಾನ ರೂಪಿಸಿದರು. ಬಾಲ್ಯದಲ್ಲಿ ನಿಮ್ಮ ತಾಯಿಯೊಡನಿದ್ದ ಸಂಬಂಧವನ್ನು ಐದು ವಿಶೇಷಣಗಳಲ್ಲಿ ಹೇಳಿ ಎಂದು ಕೇಳುತ್ತಾರೆ. ಪ್ರತಿಯೊಂದಕ್ಕೂ ಒಂದು ನೆನಪನ್ನು ಹೇಳಿ ಎನ್ನುತ್ತಾರೆ. 'ತುಂಬ ಪ್ರೀತಿಯದು' ಎಂದವರಿಗೆ ಒಂದಾದರೂ ಪ್ರಸಂಗ ನೆನಪಾಗದಿದ್ದರೆ ಅದು ಗಮನಾರ್ಹ. ಬಾಲ್ಯ ಸುಖದ್ದೋ ಕಷ್ಟದ್ದೋ ಎಂಬುದಕ್ಕೆ ಇಲ್ಲಿ ಅಂಕವಿಲ್ಲ. ಹೇಳುವ ಕಥೆ ಎಷ್ಟು ಸುಸಂಬದ್ಧ ಎಂಬುದಕ್ಕೆ ಅಂಕ. 1991ರಲ್ಲಿ ಲಂಡನ್ನಿನ ಪೀಟರ್ ಫೊನಾಗಿ, ಮಿರಿಯಮ್ ಮತ್ತು ಹೊವಾರ್ಡ್ ಸ್ಟೀಲ್ ಚೊಚ್ಚಲ ಬಸುರಿಯರೊಡನೆ ಈ ಸಂದರ್ಶನ ನಡೆಸಿದರು. ಹುಟ್ಟಲಿದ್ದ ಮಗು ಒಂದು ವರ್ಷದವನಾದಾಗ ತಾಯಿಯ ಬಳಿ ನೆಮ್ಮದಿ ಕಾಣುವುದೋ ಇಲ್ಲವೋ ಎಂಬುದನ್ನು ನಾಲ್ಕರಲ್ಲಿ ಮೂರು ಪಾಲು ಸರಿಯಾಗಿ ಮುಂಗಂಡರು. ಮಗು ಹುಟ್ಟುವುದಕ್ಕೆ ಮೊದಲೇ! 2016ರ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಈ ಸಂಬಂಧ ಮೊದಲು ಕಂಡಷ್ಟು ಬಲವಾಗಿಲ್ಲವೆಂದು ತಿಳಿದುಬಂದಿದೆ. ಸಂಬಂಧ ಇರುವುದಂತೂ ನಿಜ.

ಮಿನ್ನೆಸೋಟಾದಲ್ಲಿ 1975ರಿಂದ 267 ಬಡ ತಾಯಂದಿರನ್ನು ಹಿಂಬಾಲಿಸಿದ ಬೈರನ್ ಎಗೆಲ್ಯಾಂಡ್ ತಂಡವೂ 1988ರಲ್ಲಿ ಇದಕ್ಕೆ ಹೊಂದುವ ಫಲಿತಾಂಶ ಕೊಟ್ಟಿತು. ಸರಪಳಿ ಮುರಿದ ತಾಯಂದಿರಿಗೆ ಬಾಲ್ಯದಲ್ಲಿ ಒಬ್ಬ ಪ್ರೀತಿಯ ಹಿರಿಯರು, ಇಲ್ಲವೇ ಮುಂದೆ ಮಾನಸಿಕ ಚಿಕಿತ್ಸೆ, ಇಲ್ಲವೇ ಆಸರೆಯಾಗುವ ಸಂಗಾತಿ ದೊರಕಿದ್ದುದು ಕಂಡುಬಂದಿತು. ಈ ಅಧ್ಯಯನಗಳಲ್ಲೆಲ್ಲ ತಾಯಿಯೇ ಮುಖ್ಯ ಪಾತ್ರ, ತಂದೆ ಎಲ್ಲೋ ಅಂಚಿನಲ್ಲಿ ಎಂಬುದನ್ನು ಓದುಗರು ಗಮನಿಸಿರಬಹುದು. ಅದು ಸಂಶೋಧಕರ ಕಾಲದ ದೋಷ.

ನೋವು ಸಾಗುವುದು ರಕ್ತದ ಮೂಲಕವೋ ಸಾಕಣೆಯ ಮೂಲಕವೋ? ಮನುಷ್ಯರಲ್ಲಿ ಇವೆರಡನ್ನೂ ಬಿಡಿಸುವುದು ಕಷ್ಟ. ಪ್ರಾಣಿಗಳಲ್ಲಿ ಮರಿಗಳನ್ನು ಅದಲುಬದಲು ಮಾಡಬಹುದು. ಮಾಂಟ್ರಿಯಲ್‌ನ ಮೈಕೆಲ್ ಮೀನೀ ತಂಡ 1999ರಲ್ಲಿ ಇಲಿಗಳಲ್ಲಿ ಇದನ್ನು ಮಾಡಿತು. ಕೆಲವು ತಾಯಿಲಿಗಳು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿ, ಹೆಚ್ಚು ನೆಕ್ಕುವ ತಾಯಿಯ ಬಳಿ ಬೆಳೆದ ಹೆಣ್ಣುಮರಿ ಮುಂದೆ ಹೆಚ್ಚು ನೆಕ್ಕುವ ತಾಯಿಯಾಯಿತು. 2004ರಲ್ಲಿ ಅದೇ ತಂಡ ಅಣುಮಟ್ಟದ ಗುರುತೊಂದನ್ನು ತೋರಿಸಿತು. ನೆಕ್ಕಿಸಿಕೊಳ್ಳದ ಮರಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ, ಒತ್ತಡದ ಹಾರ್ಮೋನನ್ನು ಗ್ರಹಿಸುವ ಪ್ರೋಟೀನಿನ ಜೀನ್ ಮೇಲೆ ಮೀಥೈಲ್ ಗುಂಪುಗಳು ಹೆಚ್ಚಾಗಿ ಅಂಟಿಕೊಂಡು ಆ ಜೀನ್ ಮಂದವಾಗಿತ್ತು. ಜೀನ್‌ನ ಅಕ್ಷರಗಳು ಬದಲಾಗಿರಲಿಲ್ಲ, ಅದರ ಬಳಕೆ ಬದಲಾಗಿತ್ತು. ಮನುಷ್ಯರ ಮೆದುಳಿನಲ್ಲೂ ಇದರ ಸುಳಿವು 2009ರಲ್ಲಿ ಸಿಕ್ಕಿತಾದರೂ ಅದು ಕೇವಲ 36 ಮಂದಿಯ ಅಧ್ಯಯನ. 'ಅಜ್ಜಿಯ ನೋವು ಮೊಮ್ಮಗಳ ಜೀನ್‌ನಲ್ಲಿ' ಎಂಬಂಥ ಶೀರ್ಷಿಕೆಗಳಿಗೆ ಅಷ್ಟು ಆಧಾರ ಸಾಲದು.

ಹಾರ್ಲೋ ಬಿಟ್ಟುಹೋದ ಪ್ರಶ್ನೆಗೆ ರೀಸಸ್ ಕೋತಿಗಳಿಂದಲೇ ಉತ್ತರ ಬಂದದ್ದು 2005ರಲ್ಲಿ. ಡಾರಿಯೊ ಮೇಸ್ಟ್ರಿಪಿಯೆರಿ ಹೆಣ್ಣುಮರಿಗಳನ್ನು ಹುಟ್ಟಿದೊಡನೆ ಕ್ರೂರ ತಾಯಿ ಮತ್ತು ಸಾಧಾರಣ ತಾಯಿಯರ ನಡುವೆ ಅದಲುಬದಲು ಮಾಡಿ, ಅವು ತಾಯಿಯಾಗುವವರೆಗೂ ಕಾದರು. ಹಿಂಸೆ ಅನುಭವಿಸಿ ಬೆಳೆದ 16ರಲ್ಲಿ 9 ತಮ್ಮ ಮರಿಗಳನ್ನು ಹಿಂಸಿಸಿದವು. ಸಾಧಾರಣ ತಾಯಿಯ ಬಳಿ ಬೆಳೆದ 15ರಲ್ಲಿ ಒಂದೂ ಹಿಂಸಿಸಲಿಲ್ಲ, ಕ್ರೂರ ತಾಯಿಗೆ ಹುಟ್ಟಿದವುಗಳೂ ಸೇರಿ. ಹಿಂಸೆ ಅನುಭವಿಸಿದ 16ರಲ್ಲೂ 7 ಹಿಂಸಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಲೆಕ್ಕದ ಕಥೆಗೆ ಇನ್ನೊಂದು ತಿರುವು ಬಂದದ್ದು 2015ರಲ್ಲಿ. ಕ್ಯಾಥಿ ವಿಡಮ್ ಎಂಬ ಸಂಶೋಧಕಿ 1967ರಿಂದ 1971ರವರೆಗಿನ ನ್ಯಾಯಾಲಯದ ದಾಖಲೆಗಳಿಂದ ಹಿಂಸೆಗೊಳಗಾದ ಮಕ್ಕಳನ್ನು ಗುರುತಿಸಿ, ಅದೇ ವಯಸ್ಸಿನ, ಅದೇ ಬಗೆಯ ನೆರೆಹೊರೆಯ ಇತರ ಮಕ್ಕಳೊಡನೆ ಹೋಲಿಸುತ್ತ 30 ವರ್ಷ ಹಿಂಬಾಲಿಸಿದ್ದರು. ಅವರು ಪಾಲಕರಾದ ಮೇಲೆ ಮೂರು ಕಡೆಯಿಂದ ಮಾಹಿತಿ ಪಡೆದರು: ಮಕ್ಕಳ ರಕ್ಷಣಾ ಇಲಾಖೆಯ ದಾಖಲೆ, ಪಾಲಕರ ಮಾತು, ಅವರ ಮಕ್ಕಳ ಮಾತು. ಇಲಾಖೆಯ ದಾಖಲೆಗಳಲ್ಲಿ, ನೊಂದು ಬೆಳೆದ ಪಾಲಕರ ಹೆಸರು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಸಿಕ್ಕಿತು. ನಿರ್ಲಕ್ಷ್ಯದ ವಿಷಯದಲ್ಲಿ ಮಕ್ಕಳ ಮಾತೂ ಅದಕ್ಕೆ ಹೊಂದುತ್ತಿತ್ತು. ದೈಹಿಕ ಹಿಂಸೆಯ ವಿಷಯದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಹಿಂಸೆಯನ್ನು ಒಪ್ಪಿಕೊಂಡ ಪಾಲಕರಿದ್ದರು. ಅವರಲ್ಲಿ ಬಾಲ್ಯದಲ್ಲಿ ತಾವೂ ದಾಖಲೆಗೆ ಸೇರಿದವರ ಮನೆಯ ಬಾಗಿಲನ್ನೇ ಇಲಾಖೆಯವರು ಹೆಚ್ಚಾಗಿ ತಟ್ಟಿದ್ದರು.